ಕನಕಪ್ಪನ ಬಿಲ್ಲಿನ ಚೀಲ

ಚೀಲದ ಬಾಯಿ ಬಿಚ್ಚಿದ ಕನಕಪ್ಪನ ಕೈ ಅಲ್ಲೇ ನಿಂತಿತು.

ಒಳಗೆ ಖರ್ಚಿನ ಬಿಲ್ಲುಗಳಿರಲಿಲ್ಲ. ಇದ್ದದ್ದು ರದ್ದಿ! ಹಳೆಯ ಸುದ್ದಿಪತ್ರಿಕೆಗಳನ್ನು ಅಂಗೈಯಗಲ ಕತ್ತರಿಸಿ, ರಬ್ಬರ್ ಬ್ಯಾಂಡು ಹಾಕಿ, ಕಟ್ಟಿನ ಮೇಲೆ ಕಟ್ಟು ಒಪ್ಪವಾಗಿ ಜೋಡಿಸಿದ್ದರು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ಚೀಲ ಹೊತ್ತ ಹಮಾಲರು ಕೂಗುತ್ತ ಹಾದುಹೋಗುತ್ತಿದ್ದರು. ಘಾಟಿಗೆ ಯಾರೋ ಒಂದೇ ಸಮನೆ ಸೀನುತ್ತಿದ್ದರು. ಲಾರಿಯ ಕ್ಯಾಬಿನ್ನಿನಲ್ಲಿ ಕುಳಿತ ಕನಕಪ್ಪನಿಗೆ ಅದಾವುದೂ ಕೇಳಿಸಲಿಲ್ಲ. ಅವನ ತಲೆಯಲ್ಲಿ ಸುತ್ತುತ್ತಿದ್ದದ್ದು ನೋಟೀಸಿನ ಒಂದೇ ಸಾಲು— ಇಂದು ಸಂಜೆ ನಾಲ್ಕಕ್ಕೆ, ಅಸಲು ಬಿಲ್ಲುಗಳ ಸಮೇತ, ಹಾವೇರಿಯ ತೆರಿಗೆ ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದು.

ರಾಣೆಬೆನ್ನೂರಿನ ಕನಕಪ್ಪನದು ಒಂದೇ ಲಾರಿ. ಮಾಲೀಕನೂ ಅವನೇ, ಡ್ರೈವರೂ ಅವನೇ. ಬಾಡಿಗೆ ಕೊಡುವಾಗಲೇ ಟ್ರಾನ್ಸ್‌ಪೋರ್ಟಿನವರು ಒಂದಿಷ್ಟು ತೆರಿಗೆ ಮುರಿದುಕೊಳ್ಳುತ್ತಿದ್ದರು. ಡೀಸೆಲ್, ಟಾಯರ್, ಟೋಲ್, ರಿಪೇರಿ ಎಂದು ದುಡಿಮೆಗಾಗಿ ಮಾಡಿದ ಖರ್ಚು ತೋರಿಸಿದರೆ ಅದು ಮರಳಿ ಬರುತ್ತದೆ ಎಂದು ಹೇಳಿ ಹಾವೇರಿಯ ತೆರಿಗೆ ಸಲಹೆಗಾರ ಪುಂಡಲೀಕ ಅರ್ಜಿ ಹಾಕಿಸಿದ್ದ. ಬಂದದ್ದರಲ್ಲಿ ಮೂರನೇ ಒಂದು ಪಾಲು ಅವನ ಫೀಸು. ಹಣ ಬರಲಿಲ್ಲ, ನೋಟೀಸು ಬಂತು: ತೋರಿಸಿದ ಖರ್ಚು ವಿಪರೀತವಾಗಿದೆ, ಸಾಬೀತು ಮಾಡಿ.

ಮಾಡದಿದ್ದರೆ? ದಂಡ. ಅದರ ಮೇಲೆ ಸರ್ಕಾರಕ್ಕೆ ಸುಳ್ಳು ಲೆಕ್ಕ ಕೊಟ್ಟವನೆಂಬ ಹೆಸರು. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದು ಒಂದು ಚೀಟಿಯನ್ನೂ ಎಸೆಯದ ಮನುಷ್ಯನಿಗೆ!

ಅವನು ರೋಹಿಣಿಗೆ ಫೋನು ಹಚ್ಚಿದ.

ರೋಹಿಣಿ ವಿಮಾ ಕಂಪನಿಗಳಿಗಾಗಿ ಲಾರಿ ಅಪಘಾತಗಳ ತನಿಖೆ ಮಾಡುವವಳು. ಮೂರು ವರ್ಷದ ಹಿಂದೆ ಕನಕಪ್ಪನ ಲಾರಿಗೆ ಬಸ್ಸೊಂದು ಡಿಕ್ಕಿ ಹೊಡೆದಾಗ ಎಲ್ಲರೂ ಅವನತ್ತ ಬೆರಳು ತೋರಿಸಿದ್ದರು. ರಸ್ತೆಯ ಮೇಲಿನ ಬ್ರೇಕಿನ ಗುರುತು ಅಳೆದು ತಪ್ಪು ಬಸ್ಸಿನದೆಂದು ತೋರಿಸಿಕೊಟ್ಟವಳು ಅವಳೊಬ್ಬಳೇ. ಹಾವೇರಿಯಿಂದ ತನ್ನ ಹಳೆಯ ಕಾರು ಓಡಿಸಿಕೊಂಡು ಅರ್ಧ ತಾಸಿನಲ್ಲಿ ಬಂದಿಳಿದಳು.

ಮೊದಲು ಚೀಲವನ್ನು ಕೈಯಲ್ಲಿ ಎತ್ತಿ ನೋಡಿದಳು.

"ಬಿಲ್ಲು ಇದ್ದಾಗ ಎಷ್ಟು ವಜ್ಜಿತ್ತರಿ, ಅಣ್ಣಾರ?"

"ಬರೋಬ್ಬರಿ ಇಷ್ಟ ಇತ್ತರಿ ಅಕ್ಕಾರ. ಅದಕ್ಕ ನನಗ ಸಂಶಯನ ಬರ್ಲಿಲ್ಲ."

"ಎಲ್ಲಿ ಇಟ್ಟಿದ್ರಿ?"

"ಸೀಟಿನ ಕೆಳಗ, ಪೆಟ್ಟಿಗ್ಯಾಗ. ಕೀಲಿ ಹಾಕಿದ್ನಿ. ಕೀಲಿ ಹಂಗ ಐತಿ ನೋಡ್ರಿ, ಯಾರೂ ಒಡದಿಲ್ಲ!"

"ಬಿಲ್ಲುಗಳನ್ನ ಕಣ್ಣಾರೆ ಕಡೀಕ ನೋಡಿದ್ದು ಯಾವಾಗ?"

"ಮೊನ್ನೆ. ತಾಳೆ ನೋಡ್ತೇನಿ ಅಂತ ಪುಂಡಲೀಕ ಸರ್ ತರಿಸಿಕೊಂಡಿದ್ರು. ಸಂಜೀಕ ತಿರುಗಿ ಕೊಟ್ರು. ಆಮ್ಯಾಲೆ ನಾನು ಬಿಚ್ಚಿಲ್ಲ."

"ಕೀಲಿಕೈ ಯಾರ್ಯಾರ ಕೈಯಾಗ ಹೋಗಿತ್ತು?"

ಕನಕಪ್ಪ ತಡವರಿಸಿದ. ಎರಡೇ ಹೆಸರು. ನಿನ್ನೆ ರಾಣೆಬೆನ್ನೂರಿನಲ್ಲಿ ಟಾಯರ್ ಅಂಗಡಿಯ ಅಯಾಜ್— ಪೆಟ್ಟಿಗೆಯಿಂದ ಜಾಕ್ ತೆಗೆಯಲು. ಇಂದು ಬೆಳಿಗ್ಗೆ ಇಲ್ಲೇ ಬ್ಯಾಡಗಿಯಲ್ಲಿ, ಟ್ರಾನ್ಸ್‌ಪೋರ್ಟಿನ ಗುಮಾಸ್ತ ಮನೋಹರ— ಸಾಲಿನಲ್ಲಿ ಲಾರಿ ಮುಂದೆ ಸರಿಸಲು.

ಮನೋಹರ ಅಲ್ಲೇ ಇದ್ದ. ಕೇಳುವ ಮೊದಲೇ ಸಿಡುಕಿದ.

"ಇವರು ಚಾ ಕುಡಿಯಾಕ ಹೋಗಿದ್ರು, ಹಿಂದಿನ ಲಾರಿಯವರು ಒದರಾಕತ್ತಿದ್ರು. ಹತ್ತು ಮಿನಿಟು ಕುಂತಿದ್ನಿ, ಅಷ್ಟ! ಡೀಸೆಲ್ ಚೀಟಿ ತಗೊಂಡು ನಾನೇನು ಮಾಡ್ಲಿ?"

ರೋಹಿಣಿ ನೋಟೀಸಿಗೆ ಲಗತ್ತಿಸಿದ್ದ ಖರ್ಚಿನ ಪಟ್ಟಿ ಓದಿದಳು. ನೋಟೀಸು ಕೈಯಲ್ಲಿ ಹಿಡಿದು ಲಾರಿಯ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದಳು. ಮುಂದೆ ಎರಡು ಗಾಲಿ, ಹಿಂದೆ ನಾಲ್ಕು. ತುಟಿಯ ಮೇಲೆ ಸಣ್ಣ ನಗೆ ಮೂಡಿತು. ರದ್ದಿಯ ಒಂದು ಕಟ್ಟನ್ನು ಬ್ಯಾಗಿಗೆ ಹಾಕಿಕೊಂಡಳು.

"ಹತ್ರಿ ಕಾರು. ಮೊದಲ ರಾಣೆಬೆನ್ನೂರು."

ದಾರಿಯಲ್ಲಿ ಕನಕಪ್ಪ ಪುಂಡಲೀಕನಿಗೆ ಫೋನು ಮಾಡಿ ಅತ್ತೇಬಿಟ್ಟ. "ಅಂಜಬ್ಯಾಡ, ನಾ ಅದೇನಿ. ಮೂರಕ್ಕ ಆಫೀಸಿಗೆ ಬಾ," ಎಂದ ಪುಂಡಲೀಕ. ಆ ಧೈರ್ಯದ ಮಾತಿನಿಂದ ಕನಕಪ್ಪನ ಸಿಟ್ಟೆಲ್ಲ ಒಂದೇ ಕಡೆಗೆ ತಿರುಗಿತು. ನಿನ್ನೆ ಅಯಾಜ್ ನಗುತ್ತ ಕೇಳಿದ್ದನಲ್ಲ— ನನ್ನ ಬಿಲ್ಲೂ ಅದರಾಗ ಅದಾವೇನು ಅಂತ? ಯಾಕೆ ಕೇಳಿದ?

ಅಂಗಡಿಯ ಮುಂದೆ ಕಾರು ನಿಲ್ಲುವ ಮೊದಲೇ ಅವನು ಇಳಿದ.

"ಕೀಲಿಕೈ ನಂಬಿ ಕೊಟ್ಟಿದ್ನಿ ನಿನಗ! ಎಲ್ಲಿ ಅದಾವು ನನ್ನ ಬಿಲ್ಲು?"

ಟ್ಯೂಬು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಿದ್ದ ಅಯಾಜ್ ತಲೆ ಎತ್ತಿದ. ಮುಖ ಸಣ್ಣದಾಯಿತು.

"ಹನ್ನೆರಡು ವರ್ಷದ ದೋಸ್ತಿ, ಕನಕಣ್ಣಾ." ದನಿ ಏರಲಿಲ್ಲ. "ಅಂಗಡಿ ತೆರದೈತಿ. ಒಳಗ ಹೋಗು, ಹುಡುಕ್ಕೋ."

ರೋಹಿಣಿ ನಡುವೆ ಬಂದಳು. "ಅಯಾಜ್ ಭಾಯ್, ಒಂದ ಮಾತು. ಹೋದ ವರ್ಷ ಇವರು ನಿಮ್ಮ ಕಡೆ ಎಷ್ಟು ಟಾಯರ್ ತಗೊಂಡಾರ?"

"ನಾಲ್ಕು."

"ಖರೇ?"

"ಬಿಲ್ ಬುಕ್ಕಿನಾಗ ಕಾರ್ಬನ್ ಕಾಪಿ ಐತ್ರಿ."

ಆ ಪುಟದ ಫೋಟೋ ತೆಗೆದುಕೊಂಡಳು. ಹೆದ್ದಾರಿಯಲ್ಲಿ ಕಾರು ಹಾವೇರಿಯ ಕಡೆ ಓಡಿತು. ಕನಕಪ್ಪ ಗಡಿಯಾರ ನೋಡಿದ. ಎರಡೂವರೆ!

ಪುಂಡಲೀಕನ ಆಫೀಸು ತಲುಪಿದಾಗ ಮೂರು ಹೊಡೆದು ಹತ್ತು ನಿಮಿಷ. ಟೈಪ್ ಮಾಡುವ ಹುಡುಗಿ ಪ್ರಿಯಾಂಕಾ ಮೂಲೆಯ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಪುಂಡಲೀಕ ಎದ್ದು ಬಂದು ಕನಕಪ್ಪನ ಹೆಗಲ ಮೇಲೆ ಕೈಯಿಟ್ಟ.

"ಎಲ್ಲಾ ತಯಾರ ಮಾಡೇನಿ. ಇಲ್ಲೊಂದು ಸಹಿ ಹಾಕು ಸಾಕು."

"ಏನ್ರಿ ಸರ್ ಇದು?"

"ಬಿಲ್ಲು ಲಾರ್‍ಯಾಗ ಕಳುವಾದ್ವು, ಖರ್ಚಿನ ಅಂಕಿ ಎಲ್ಲಾ ನೀನ ಕೊಟ್ಟಿದ್ದು ಅಂತ ಬರದೈತಿ. ಮುಂದಿಂದು ನಾ ನೋಡ್ಕೋತೇನಿ."

ಕನಕಪ್ಪ ಪೆನ್ನು ತೆಗೆದುಕೊಂಡ. ನಿಬ್ಬು ಕಾಗದಕ್ಕೆ ತಾಗಿತು—

"ನಿಲ್ರಿ ಅಣ್ಣಾರ!"

ರೋಹಿಣಿ ಪೆನ್ನು ಕಿತ್ತುಕೊಂಡಳು.

"ಸಹಿ ಹಾಕಿದ್ರ ಇವರು ಮಾಡಿದ್ದೆಲ್ಲಾ ನಿಮ್ಮ ತಲಿ ಮ್ಯಾಲೆ ಬರತೈತಿ. ನಿಮ್ಮ ಬಿಲ್ಲು ಕದ್ದವರು ಇವರ!"

"ಏನ್ ಮಾತಾಡ್ತೀರಿ?" ಪುಂಡಲೀಕ ಕೆಂಪಾದ. "ಚೀಲ ನಾನು ಅವನ ಕೈಯಾಗ ತಿರುಗಿ ಕೊಟ್ಟೇನಿ. ಕೇಳ್ರಿ ಅವನ್ನ!"

"ಕೊಟ್ಟೀರಿ. ಅದ ನಿಮ್ಮನ್ನ ಹಿಡಿದು ಕೊಟ್ಟಿದ್ದು." ರೋಹಿಣಿ ಕುರ್ಚಿ ಎಳೆದು ಕುಳಿತಳು. "ಲಾರಿಯಿಂದ ಕದಿಯೂ ಮನುಷ್ಯ ಏನು ಮಾಡ್ತಾನ? ಚೀಲ ಎತಗೊಂಡು ಓಡ್ತಾನ. ಹತ್ತು ಮಿನಿಟಿನಾಗ ಪೇಪರ್ ಕತ್ತರಿಸಿ, ಕಟ್ಟು ಕಟ್ಟಿ, ತೂಕ ಸರಿ ಮಾಡಿ ಇಡ್ತಾನೇನು? ಅಯಾಜ್‌ಗ ಆ ಉಸಾಬರಿ ಯಾಕ? ಮನೋಹರಗ ಯಾಕ? ಚೀಲ ಹಗುರ ಆದ್ರ ಗೊತ್ತಾಗ್ತೈತಿ ಅಂತ ಅಂಜಬೇಕಾದವರು ಒಬ್ಬರ— ಚೀಲಾನ ಅಣ್ಣಾರ ಕೈಯಾಗ ಇಡಬೇಕಾದವರು!"

ಎಲ್ಲರೂ ನೋಡಿದ್ದು ಕೀಲಿಯನ್ನೇ. ತೂಕದ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಸ್ವತಃ ಎತ್ತಿಟ್ಟ ಕನಕಪ್ಪನೂ!

"ಯಾಕ ಕದೀಲಿ ನಾನು?"

"ಹತ್ತು ಟಾಯರ್‌ಗಾಗಿ." ರೋಹಿಣಿ ನೋಟೀಸು ಬಿಡಿಸಿದಳು. "ನೀವು ಹಾಕಿದ ಅರ್ಜಿಯೊಳಗ ಅಯಾಜ್ ಅಂಗಡಿ ಹೆಸರಿನಾಗ ಒಂದ ದಿನ ಹತ್ತು ಟಾಯರ್ ಐತಿ. ಇವರ ಲಾರಿಗೆ ಇರೂದು ಆರ ಗಾಲಿ! ಅಯಾಜ್ ಮಾರಿದ್ದು ನಾಲ್ಕು, ಇಲ್ಲೈತಿ ಫೋಟೋ. ಆ ಲಾರಿ ಕಂಡವರು ಯಾರೂ ಹತ್ತು ಅಂತ ಬರೆಯೂದಿಲ್ಲ. ಖರ್ಚು ಉಬ್ಬಿಸಿದಷ್ಟು ನಿಮ್ಮ ಪಾಲೂ ಉಬ್ಬತೈತಿ. ಅಸಲು ಬಿಲ್ಲು ಸಾಹೇಬರ ಟೇಬಲ್ಲಿಗೆ ಹೋದ್ರ ಎಲ್ಲಾ ಹೊರಗ ಬರತಿತ್ತು."

"ಸಾಕ್ಷಿ ಎಲ್ಲೈತಿ?"

ರೋಹಿಣಿ ರದ್ದಿಯ ಕಟ್ಟನ್ನು ಮೇಜಿನ ಮೇಲಿಟ್ಟಳು. ಇಂಗ್ಲಿಷ್ ವ್ಯಾಪಾರ ಪತ್ರಿಕೆಯ ಚೂರುಗಳು. ಕಿಟಕಿಯ ಬಳಿ ಅದೇ ಪತ್ರಿಕೆಯ ರಾಶಿ.

"ತಂಗೀ, ಮೊನ್ನೆ ಈ ಪೇಪರ್ ಕತ್ತರಿಸಿದ್ದು ಯಾರವಾ?"

ಹುಡುಗಿ ಪುಂಡಲೀಕನನ್ನು ನೋಡಿದಳು. ಆಮೇಲೆ ಕನಕಪ್ಪನನ್ನು. ಅವನ ಬೆರಳುಗಳು ಇನ್ನೂ ಪೆನ್ನು ಹಿಡಿದಂತೆಯೇ ಇದ್ದವು.

"ಸರ್ ಕತ್ತರಿಸು ಅಂದ್ರು... ಯಾಕಂತ ನನಗ ಹೇಳ್ಲಿಲ್ರಿ," ಎನ್ನುತ್ತ ಎದ್ದು ಕಪಾಟಿನ ಕೆಳಗಿನ ಬಾಗಿಲು ತೆರೆದಳು. "ಇವನ್ನ ಮನೀಗೆ ಒಯ್ದು ಒಲಿಗೆ ಹಾಕು ಅಂದಿದ್ರು. ಲಾರಿ ನಂಬರ್ ನೋಡಿ, ಇವರವು ಅಂತ ಗೊತ್ತಾಗಿ ಸುಡಾಕ ಕೈ ಬರ್ಲಿಲ್ರಿ."

ರಟ್ಟಿನ ಡಬ್ಬಿಯ ತುಂಬ ಬಿಲ್ಲುಗಳು! ಕನಕಪ್ಪ ಕೂಸನ್ನೆತ್ತಿದಂತೆ ಎತ್ತಿಕೊಂಡ. ಪುಂಡಲೀಕ ಕುರ್ಚಿಗೆ ಕುಸಿದ.

"ಅಣ್ಣಾರ, ಮೂರೂ ನಲವತ್ತು! ಓಡ್ರಿ!"

ತೆರಿಗೆ ಕಚೇರಿಯ ಮೆಟ್ಟಿಲು ಹತ್ತಿದಾಗ ನಾಲ್ಕಕ್ಕೆ ಐದು ನಿಮಿಷ ಬಾಕಿ. ರೋಹಿಣಿ ನಡೆದದ್ದನ್ನೆಲ್ಲ ಹೇಳುತ್ತಿದ್ದಂತೆ ಅಧಿಕಾರಿ ಒಂದೊಂದೇ ಬಿಲ್ಲು ಮಗುಚಿ ನೋಡಿದರು. ದಂಡವಿಲ್ಲ, ಆದರೆ ಕೇಳಿದಷ್ಟು ಮರಳಿ ಬರುವುದಿಲ್ಲ. ನಿಜವಾದ ಖರ್ಚಿಗೆ ತಕ್ಕಷ್ಟೇ, ಹೊಸದಾಗಿ ಲೆಕ್ಕ ಹಾಕಿ, ಎಂದರು. "ನಂದು ಎಷ್ಟೈತೋ ಅಷ್ಟ ಕೊಡ್ರಿ ಸಾಹೇಬ್ರ," ಎಂದ ಕನಕಪ್ಪ. ಪುಂಡಲೀಕ ಅರ್ಜಿ ಹಾಕಿಸಿದ ಉಳಿದ ಡ್ರೈವರ್‌ಗಳ ಕಡತಗಳನ್ನೂ ತರಲು ಅಧಿಕಾರಿ ಬೆಲ್ ಒತ್ತಿದರು.

ಹೊರಗೆ ಬಂದಾಗ ರೋಹಿಣಿ ಕೇಳಿದಳು, "ಬ್ಯಾಡಗಿಗೆ ಬಿಡ್ಲಿ? ಲಾರಿ ಅಲ್ಲೇ ಐತಲ್ಲ."

"ಲಾರಿ ನಿಲ್ಲಲಿರಿ ಅಕ್ಕಾರ. ಮೊದಲ ರಾಣೆಬೆನ್ನೂರಿಗೆ ಬಿಡ್ರಿ."

ಅಯಾಜ್ ಯಾರದೋ ಲಾರಿಯ ಹಿಂದಿನ ಗಾಲಿ ಕೂರಿಸುತ್ತಿದ್ದ. ಕನಕಪ್ಪ ಎದುರಿಗೆ ಬಂದು ನಿಂತರೂ ತಲೆ ಎತ್ತಲಿಲ್ಲ.

"ಅಯಾಜ್, ತಪ್ಪಾತೋ. ನನ್ನ ಬಾಯಿಗೆ..."

ಅಯಾಜ್ ಒಂದು ನಟ್ಟು ಬಿಗಿ ಮಾಡಿದ, ಇನ್ನೊಂದು ಬಿಗಿ ಮಾಡಿದ. ಆಮೇಲೆ ನಟ್ಟು ಬಿಗಿಯುತ್ತಿದ್ದ ಪಾನಾ ಅವನತ್ತ ಚಾಚಿದ.

"ನಿಂತು ನೋಡ್ತಿಯೇನು? ಆ ಕಡಿ ನಟ್ಟು ಹಿಡಿ."

ಕನಕಪ್ಪ ಪಾನಾ ಹಿಡಿದು, ಅಂಗಿಯ ತೋಳು ಮಡಚಿ ಗಾಲಿಯ ಬಳಿ ಕುಳಿತ.