ರೊಟ್ಟಿ ತಿಂದ ಹಾಸುಗಲ್ಲು

"ಅಯ್ಯೋ!"

ಮಿರ್ಜಾನ ಕೋಟೆಯ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಪದ್ಮಜಾಳ ಕಾಲು ಜಾರಿತು. ಬೀಳುವ ಮೊದಲೇ ಯಾರೋ ಗಟ್ಟಿಯಾಗಿ ಕೈ ಹಿಡಿದರು.

"ಬಾದಾಮಿ ಮೆಟ್ಟಲಾ ಅಂತ ತಿಳದು ಓಡಬ್ಯಾಡ್ರಿ. ಇಲ್ಲಿ ಕಲ್ಲೂ ಹಸೀನ ಇರ್ತಾವ."

ಮಿಲಿಂದ! ಬಾದಾಮಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ಕರಾವಳಿ ನೋಡಲು ಬಾಗಲಕೋಟೆಯಿಂದ ಹೊರಟ, ಅವಳೂ ಇದ್ದ ಪ್ರವಾಸದ ಗಾಡಿಯಲ್ಲೇ ಬಂದಿದ್ದ.

"ಕೈ ಬಿಡ್ರಿ... ನಾ ನಿಂತೇನಿ."

"ನಾ ಬಿಟ್ಟು ಭಾಳ ಹೊತ್ತಾತು. ನೀವ ಇನ್ನೂ ಹಿಡಕೊಂಡೀರಿ!"

ಪದ್ಮಜಾ ನಾಚಿ ಕೈ ಎಳೆದುಕೊಂಡಳು. ಆದರೆ ಆ ಬಿಸುಪು... ಯಾಣದ ಕರಿಬಂಡೆಗಳ ಕೆಳಗೆ ನಡೆಯುವಾಗಲೂ ಅಂಗೈಯಲ್ಲೇ ಉಳಿದಿತ್ತು.

ಮರುದಿನ ಗೋಕರ್ಣ. ಬೆಳಿಗ್ಗೆ ಓಂ ಬೀಚಿನಲ್ಲಿ ಒಂದು ಹಾಸುಗಲ್ಲಿನ ಮೇಲೆ ಕೂತು ಎಲ್ಲರೂ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಉಳಿದವರು ಎದ್ದು ಹೋದ ಮೇಲೆ ಮಿಲಿಂದ ಸುತ್ತಿ ಬಳಸದೆ ಕೇಳಿಯೇ ಬಿಟ್ಟ.

"ನನ್ನ ಮದುವಿ ಆಗ್ತೀರೇನು?"

ಹುಬ್ಬಳ್ಳಿಯ ಒಂದು ಸಂಬಂಧಕ್ಕೆ 'ಹೂಂ' ಅನ್ನು ಎಂದು ಪದ್ಮಜಾಳ ಅಪ್ಪ ಬೆನ್ನು ಹತ್ತಿದ್ದರು. ಇಳಕಲ್ಲಿನ ಮನೆಗೆ ಕಾಲಿಡುವಷ್ಟರಲ್ಲಿ ಉತ್ತರ ಹೇಳಬೇಕಿತ್ತು.

"ಸಂಜಿಗೆ ಇದೇ ಕಲ್ಲಿನ ಮ್ಯಾಲೆ ಬರ್ರಿ. ಹೇಳ್ತೇನಿ."

ಆ ದಿನವಿಡೀ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಹಾಬಲೇಶ್ವರನ ಮುಂದೆ ಕಣ್ಣು ಮುಚ್ಚಿದರೂ ಬಾಯಿಗೆ ಬಂದದ್ದು ಒಂದೇ ಮಾತು... 'ಹೂಂ, ಮಿಲಿಂದ.'

ಸಂಜೆ ದಂಡೆಗೆ ಓಡಿಬಂದರೆ... ಕಲ್ಲೇ ಇಲ್ಲ!

'ಜಾಗಾ ತಪ್ಪಿದೆನೇನು?'

ಆಚೆ ಹೋದಳು, ಈಚೆ ಬಂದಳು. ಮುಳುಗುವ ಸೂರ್ಯನಿಗೆ ಅಡ್ಡವಾಗಿ ಯಾವನೋ ಒಬ್ಬ ನಡುಮಟ್ಟ ನೀರಿನಲ್ಲಿ ನಿಂತು ಕೈ ಬೀಸುತ್ತಿದ್ದ. ಮುಖ ಕಾಣಲಿಲ್ಲ. ಕುಡಿದವನಿರಬೇಕು! ಹೆದರಿ ಬೆನ್ನು ತಿರುಗಿಸಿ ನಡೆದುಬಿಟ್ಟಳು.

ಮಿಲಿಂದ ಬರಲೇ ಇಲ್ಲ...

'ಕೇಳೂದು ಕೇಳಿ, ಉತ್ತರಕ್ಕ ಅಂಜಿದನೇನು?'

ಮರುದಿನ ಊರಿನ ದಾರಿ. ಅವನು ಮುಂದಿನ ಸೀಟಿನಲ್ಲಿ, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಹುಬ್ಬಳ್ಳಿ ದಾಟಿತು. ಅಪ್ಪನ ಫೋನು ಬಂತು. ಅವಳು ಎತ್ತಲಿಲ್ಲ.

"ಏನ ಪದ್ಮಾ, ಸೀಟಿನ್ಯಾಗ ಮುಳ್ಳು ಅದ ಏನು? ಎಷ್ಟು ಹೊಳ್ಯಾಡ್ತಿ!" ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಮಾವಶಿ, ಅವ್ವನ ತಂಗಿ ಭಾಗೀರಥೀಬಾಯಿ ಗದರಿದಳು.

ಕೆರೂರಿನಲ್ಲಿ ಗಾಡಿ ನಿಂತಿತು. ಬಾದಾಮಿಯ ಬಸ್ಸು ಹಿಡಿಯಲು ಮಿಲಿಂದ ಇಳಿದ. ಮಾವಶಿ ಕಿಟಕಿಯಿಂದಲೇ ಕೂಗಿದಳು.

"ಮಾಸ್ತರ, ಇನ್ನ ಮ್ಯಾಲೆ ಪ್ಯಾಂಟ್ ಹಾಕ್ಕೊಂಡು ಸಮುದ್ರಕ್ಕ ಇಳೀಬ್ಯಾಡ್ರಿ! ಒಗೀದನ ಹಂಗ ಹಾಕ್ಕೊಂಡೀರಿ, ಉಪ್ಪು ನೋಡ್ರಿ!"

ಪದ್ಮಜಾ ನೋಡಿದಳು. ಅವನ ಕರಿ ಪ್ಯಾಂಟಿನ ಮೇಲೆ, ನಡುವಿನ ತನಕ, ಉಪ್ಪಿನ ಬಿಳಿ ಕಲೆ...

ಧಡಕ್ಕನೆ ಎದ್ದು ಕೆಳಗಿಳಿದಳು.

"ನಿನ್ನೆ ಸಂಜಿಗೆ ನೀರಾಗ ನಿಂತಾವ್ರು... ನೀವೇನು?"

"ಮತ್ತ್ಯಾರು? 'ಇದೇ ಕಲ್ಲಿನ ಮ್ಯಾಲೆ' ಅಂದಿದ್ರಿ. ಕಾಲಿಂದ ತಡಕಾಡಿ ಹುಡುಕಿ ಅದರ ಮ್ಯಾಲೇ ನಿಂತೆ. ನೀವು ನೋಡಿ, ಬೆನ್ನು ತಿರುಗಿಸಿ ಹೋದ್ರಿ. ಉತ್ತರ ತಿಳೀತು ಬಿಡ್ರಿ."

"ಅಯ್ಯೋ ದೇವರ! ಯಾವನೋ ಕುಡುಕ ಅಂತ ಅಂಜಿ ಓಡಿದೆ!"

ಬಯಲುಸೀಮೆಯವರಿಗೆ ನೀರೆಂದರೆ ಕೆರೆ, ಹೊಂಡ. ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ. ಸಮುದ್ರಕ್ಕೆ ಉಬ್ಬರ ಬಂದರೆ ಕೂತೆದ್ದ ಕಲ್ಲೂ ಮುಳುಗುತ್ತದೆಂದು ಇವರಿಗೆ ಹೊಳೆಯುವುದಾದರೂ ಹೇಗೆ?

ಡ್ರೈವರ ಹಾರ್ನ್ ಹೊಡೆದ. ಪದ್ಮಜಾ ಕದಲಲಿಲ್ಲ. ಫೋನು ತೆಗೆದಳು.

"ಅಪ್ಪಾ... ಹುಬ್ಬಳ್ಳಿಯವರಿಗೆ ಬ್ಯಾಡ ಅಂದುಬಿಡ್ರಿ. ಬೈರಿ, ಮನಿಗೆ ಬಂದ ಮ್ಯಾಲೆ ಬೈರಿ. ಎಲ್ಲಾ ಹೇಳ್ತೇನಿ."

ಮಿಲಿಂದನ ಕೈಯಲ್ಲಿದ್ದ ಚೀಲ ಜಾರಿ ಬಿತ್ತು.

"ಅಂದ್ರ...?"

"ಇನ್ನ ಸಮುದ್ರದ ದಂಡಿ ಬ್ಯಾಡ್ರಿ. ನಿಮ್ಮ ಬಾದಾಮಿ ಅಗಸ್ತ್ಯತೀರ್ಥದ ಹೊಂಡದ ಮೆಟ್ಟಲಕ್ಕ ಬರ್ತೇನಿ. ಅವು ಎಲ್ಲಿಗೂ ಹೋಗೂದಿಲ್ಲ."

"ಉತ್ತರ ಹೇಳ್ಲಿಕ್ಕೆ ಬರ್ತೀರೇನು?"

"ಊಹೂಂ..." ಅವಳು ಅವನ ಕೈ ಹಿಡಿದಳು. ಈ ಸಲ ಬಿಡಲಿಲ್ಲ. "ಇರ್ಲಿಕ್ಕೆ."