ಬಂಡೆ ಎಂದು ಬರೆದವನು

“ಸಾರ್, ರಸ್ತೆ ಬೇಕಿದ್ರೆ ದಡದ ಆಚೆಯಿಂದ ಸುತ್ತಿಸಿ. ನನ್ನ ಮನೆ ಮೇಲೇ ಹಾಯಿಸಿ. ಆದ್ರೆ ನೀರೊಳಗೆ ಮನೆಗಳಿಲ್ಲ ಅಂತ ಮಾತ್ರ ಬರೀಬೇಡಿ.”

ನಲವತ್ತು ವರ್ಷ ಕಡಲಿನ ತಳ ತಡಕಿದ ಮುಳುಗುಗಾರ ಅಜ್ಜ ದೋಣಿಯಲ್ಲಿ ಕೂತು ಹೇಳಿದ. ಎದುರಿಗಿದ್ದವನು ನಗರ ಯೋಜನೆ ಕಚೇರಿಗೆ ಹೊಸದಾಗಿ ವರ್ಗವಾಗಿ ಬಂದ ಎಂಜಿನಿಯರ್. ಕೊಲ್ಲಿಗೆ ಕಲ್ಲು ತುಂಬಿಸಿ ಕಡಲಂಚಿನ ರಸ್ತೆ ಮಾಡಬೇಕು. ಅದಕ್ಕೆ ಮೊದಲು, ತಳದಲ್ಲಿ ಹಳೆಯ ಊರಿನ ಅವಶೇಷ ಇದೆಯೋ ಇಲ್ಲವೋ ಎಂದು ಇವನು ಒಂದು ಹಾಳೆ ಬರೆದುಕೊಡಬೇಕು.

“ಬರೆದ್ರೆ ಏನಾಗುತ್ತೆ? ಕೈ ಬಿದ್ದು ಹೋಗುತ್ತಾ?”

“ಹಿಂದೊಬ್ಬ ಹಾಗೇ ಬರೆದಿದ್ದ, ಅಲ್ಲಿ ಯಾರೂ ಇಲ್ಲ ಅಂತ. ಅದನ್ನ ನಂಬಿ ಕಡಲ ಒಡ್ಡು ಒಡೆದ್ರು. ಊರು ಮುಳುಗ್ತು. ಬದುಕುಳಿದ ಹೆಂಗಸರು ಉಸಿರು ಬಿಗಿಹಿಡಿದು ತಳಕ್ಕಿಳಿದು ಮಾಟ ಮಾಡಿದ್ರು. ಒಂದೊಂದು ಹೊಸ್ತಿಲ ಕೆಳಗೂ ಸೀಸದ ತಗಡು, ನಡುವೆ ಮೊಳೆ. ಇನ್ನೊಬ್ಬ ಈ ಮನೆಗಳನ್ನ ಇಲ್ಲ ಅಂದ್ರೆ, ಅವನ ಮನೆಯೊಳಗಿನದ್ದು ಇಲ್ಲವಾಗ್ಲಿ ಅಂತ.”

“ನಂದು ಬಾಡಿಗೆ ಮನೆ. ಹೋದ್ರೆ ಮಾಲೀಕಂದು ಹೋಗುತ್ತೆ, ಬಿಡಜ್ಜ!”

ಎಂಜಿನಿಯರ್ ಹಲ್ಲು ಕಿರಿದು, ಮುಳುಗುವವರ ಕನ್ನಡಕ ಮುಖಕ್ಕೆ ಕಟ್ಟಿಕೊಂಡು ತಾನೇ ಮುಳುಗಿದ. ಕಂಡ. ಕಾಣಲಿಲ್ಲ ಎನ್ನುವಂತಿಲ್ಲ. ಪಾಚಿ ಹಿಡಿದ ಬಾಗಿಲವಾಡ, ಮೂಲೆಯಲ್ಲಿ ಬೀಸುವ ಕಲ್ಲು, ಗೋಡೆಯಲ್ಲಿ ದೀಪದ ಗೂಡು. ಹೊಸ್ತಿಲಡಿಯಿಂದ ಇಣುಕುತ್ತಿದ್ದ ಕಪ್ಪು ತಗಡು. ಮೇಲೆ ಬಂದು, ಒದ್ದೆ ಕೈ ಒರೆಸಿಕೊಂಡು ಬರೆದ: ‘ನೈಸರ್ಗಿಕ ಬಂಡೆಗಳು. ಮಾನವ ವಸತಿಯ ಕುರುಹಿಲ್ಲ.’

ರಸ್ತೆ ಸುತ್ತಿಸಿದರೆ ದೊಡ್ಡವರ ಹೋಟೆಲಿನ ಹುಲ್ಲುಹಾಸು ಕತ್ತರಿಸಬೇಕಿತ್ತಲ್ಲ! ಸತ್ತವರ ಮನೆಗೆ ವಕೀಲರಿಲ್ಲ, ಹುಲ್ಲಿಗಿದ್ದಾರೆ.

ಸೋಮವಾರ ಬೆಳಿಗ್ಗೆ ಲಾರಿಗಳು ಬಂದವು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನಿಗೆ ಬಾಗಿಲಲ್ಲೇ ವಾಸನೆ ಬಡಿಯಿತು. ಕೊಳೆತ ಪಾಚಿ, ಉಪ್ಪು, ಅದರಡಿಯಲ್ಲಿ ನಾಲಿಗೆಗೆ ಅಂಟುವ ಲೋಹದ ಒಗರು. ಮೇಜಿನ ಮೇಲೆ ಎರಡೇ ತಟ್ಟೆ.

“ಪುಟ್ಟಿ ಎಲ್ಲೇ? ಶಾಲೆಗೆ ರಜೆ ಅಲ್ವಾ?”

“ಯಾವ ಪುಟ್ಟಿ ರೀ?” ಎಂದಳು ಹೆಂಡತಿ.

“ಸಾಕು ಕಣೇ ತಮಾಷೆ. ನಮ್ಮ ಮಗಳು!”

ಅವಳ ಮುಖ ಬಾಡಿತು. “ಮದುವೆಯಾಗಿ ಹತ್ತು ವರ್ಷ ಆಯ್ತು. ಇಲ್ಲದ್ದನ್ನೇ ಎತ್ತಿ ಯಾಕೆ ಚುಚ್ತೀರ?”

ಅವನು ಒಳಗೋಡಿದ. ಆರು ವರ್ಷದ ಮಗಳ ಕೋಣೆಗೆ ಬಾಗಿಲಿದ್ದ ಕಡೆ ಬರೀ ಗೋಡೆ. ಬಣ್ಣ ಬಳಿದು ಎಷ್ಟೋ ಕಾಲವಾದಂತೆ ಮಾಸಿದ ಗೋಡೆ. ಕಿವಿಯಿಟ್ಟ. ದೂರದ ಕೊಲ್ಲಿಯಲ್ಲಿ ಲಾರಿ ಕಲ್ಲು ಸುರಿಯಿತು. ಗೋಡೆಯೊಳಗಿಂದ ಸಣ್ಣ ದನಿ ಬಂತು.

“ಅಪ್ಪಾ, ಕತ್ತಲೆ.”

ಅಜ್ಜನಿಗೆ ಫೋನ್ ಮಾಡಿದ.

“ಬರೆದದ್ದನ್ನ ನೀವೇ ಹೊಡೆದು ಹಾಕಿ ಸಾರ್,” ಎಂದ ಅಜ್ಜ. “ನೀವು ಕಂಡ ಆ ಹೊಸ್ತಿಲು ಮುಚ್ಚೋದ್ರೊಳಗೆ. ಮುಚ್ಚಿದ ಮೇಲೆ ನನ್ನ ಕೇಳ್ಬೇಡಿ.”

ಕಚೇರಿಗೆ ನುಗ್ಗಿದ. ಮೇಲಧಿಕಾರಿ ಚಹಾ ಕುಡಿಯುತ್ತಿದ್ದ.

“ಮನೆಗಳಿವೆ ಸಾರ್. ನಾನು ಸುಳ್ಳು ಬರೆದೆ. ಲಾರಿ ನಿಲ್ಲಿಸಿ!”

“ಮೊನ್ನೆ ಬಂಡೆ, ಇವತ್ತು ಮನೆ. ನಾಳೆ ಅರಮನೆ ಏನಪ್ಪಾ?” ಮೇಲಧಿಕಾರಿ ನಕ್ಕ. “ಒಂದು ಅರ್ಜಿ ಕೊಡಿ, ಮುಂದಿನ ತಿಂಗಳು ಸಮಿತಿ ಮುಂದಿಡ್ತೀನಿ.”

ಅವನು ಕಡತ ಕಸಿದುಕೊಂಡು ತನ್ನ ಸಾಲಿನ ಮೇಲೆ ಹಾಳೆ ಹರಿಯುವಂತೆ ಗೀಟೆಳೆದ.

“ಎಳೆದುಕೊಳ್ಳಿ,” ಎಂದ ಮೇಲಧಿಕಾರಿ, ಕಪ್ಪಿಂದ ತಲೆಯೆತ್ತದೆ. “ಹನ್ನೊಂದು ಕಚೇರಿಗೆ ನಕಲು ಹೋಗಿದೆ.”

ಮನೆಗೆ ಓಡಿದ. ಗೋಡೆ ಬಿರಿದಿತ್ತು! ಹೊಡೆದು ಹಾಕಿದ ಒಂದೇ ಹಾಳೆಯ ಪಾಲಿನಷ್ಟು ಬಿರುಕು. ಒಂದು ಕೈ ತೂರುವಷ್ಟು. ಒಳಗಿಂದ ಕಪ್ಪು ನೀರು ಜಿನುಗುತ್ತಿತ್ತು. ತೋಳು ತೂರಿಸಿದ. ತಡಕಿದ. ಕಲ್ಲು. ಕೆಸರು. ಕಲ್ಲು. ಆಮೇಲೆ ಬೆರಳು. ಪುಟ್ಟ ಬೆರಳುಗಳು. ಬೆಚ್ಚಗಿದ್ದವು. ಅವನ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದವು.

“ಅಪ್ಪ ಬಂದೆ ಪುಟ್ಟೀ. ಬಿಡಬೇಡ. ಬಿಡಬೇಡ ಕಂದಾ.”

ದಡ್. ಇನ್ನೊಂದು ಲಾರಿ. ಬಿರುಕು ಕಿರಿದಾಯಿತು. ಮೊಣಕೈ ಚರ್ಮ ಸುಲಿಯಿತು. ಎಳೆದ. ಬರಲಿಲ್ಲ. ದಡ್. ಬೆರಳು ತಣ್ಣಗಾಯಿತು. ದಡ್. ಹಿಡಿತ ಸಡಿಲವಾಯಿತು. ಮತ್ತೆ ಎಳೆದ. ಕೈಯಲ್ಲಿ ನೀರು. ಬರೀ ನೀರು.

ಆಮೇಲೆ ಸದ್ದೇ ಇಲ್ಲ. ಕೊಲ್ಲಿಯಲ್ಲೂ, ಗೋಡೆಯಲ್ಲೂ.

ಹೆಂಡತಿ ಬಂದು ನೋಡಿದಳು. ಗಂಡ ಗೋಡೆಗೆ ಕೆನ್ನೆಯಿಟ್ಟು ನಿಂತಿದ್ದ. ತೋಳಿನ ಸುತ್ತ ಗಾರೆ ಬಿಗಿದು ರಕ್ತ ಇಳಿಯುತ್ತಿತ್ತು.

“ಅಯ್ಯೋ, ಏನ್ರೀ ಇದು! ಯಾಕೆ ಕೈ ಹಾಕಿದ್ರಿ?”

ಅವನು ಬಾಯಿ ತೆರೆದ. ಒಂದು ಹೆಸರು ನಾಲಿಗೆಯ ತುದಿವರೆಗೆ ಬಂದು ಕರಗಿಹೋಯಿತು. ಯಾರದ್ದು? ಮೊದಲ ಅಕ್ಷರವೂ ಸಿಗಲಿಲ್ಲ. ಕಣ್ಣಲ್ಲಿ ನೀರು ಯಾಕೆ ಸುರಿಯುತ್ತಿದೆಯೆಂದೂ ತಿಳಿಯಲಿಲ್ಲ.

“ಗೊತ್ತಿಲ್ಲ ಕಣೇ,” ಎಂದ. ಆದರೂ ಅವಳು ತೋಳು ಹಿಡಿದು ಎಳೆಯಲು ಬಂದಾಗ, ಪ್ರಾಣಿಯಂತೆ ಕೂಗಿ ಅವಳನ್ನು ತಳ್ಳಿದ.