ಸರೋಜಮ್ಮನ ಕೈತುತ್ತು

“ಸಾರ್, ಒಂದೇ ಒಂದು ಮಾತು. ಸರೋಜಮ್ಮ ಬಂದ್ರೆ ನಮಸ್ಕಾರ ಮಾಡಿ, ಫೋಟೋ ತೆಗೆಸಿಕೊಳ್ಳಿ. ಆದ್ರೆ ‘ನಾನು ನಿಮ್ಮ ಮಗ’ ಅಂತ ಮಾತ್ರ ಹೇಳ್ಬೇಡಿ. ಅವ್ರು ಕೊಟ್ಟದ್ದನ್ನು ತಿನ್ಲೂಬೇಡಿ.”

ಕಾರು ಓಡಿಸುತ್ತಿದ್ದ, ಅಲ್ಲಿನ ಕನ್ನಡ ಸಂಘದ ಬರ್ನಾರ್ಡ್ ಇದನ್ನು ಹೇಳುವಾಗ ಹಿಂದಿನ ಸೀಟಿನಲ್ಲಿದ್ದ ಶಾಸಕ ಧನಂಜಯ್ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊಲ್ಲಿ ನಾಡಿನ ಫಹಾಹೀಲ್ ಪಟ್ಟಣದ ಕಡೆಗೆ ಹೋಗುವ ರಸ್ತೆಯಲ್ಲಿ ಮಧ್ಯಾಹ್ನದ ಆಕಾಶ ಆಗಲೇ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಧೂಳಿನ ಗಾಳಿ ಏಳುವ ಸೂಚನೆ. ಕಿಟಕಿ ಮುಚ್ಚಿದ್ದರೂ ಕಾರಿನೊಳಗೆ ಕಚ್ಚಾತೈಲದ ಕಮಟು ವಾಸನೆ ತುಂಬಿತ್ತು.

“ಏನ್ರೀ ಬರ್ನಾರ್ಡ್, ಮೌಢ್ಯದ ವಿರುದ್ಧ ಸದನದಲ್ಲಿ ಮೇಜು ಕುಟ್ಟಿ ಮಾತಾಡಿದೋನು ನಾನು. ನನಗೇ ಮಾಟದ ಕತೆ ಹೇಳ್ತೀರಲ್ಲ?”

“ನೀವು ನಗ್ತೀರಿ ಸಾರ್, ಆದ್ರೆ ವಿಷಯ ಉಂಟು. ನಮ್ಮ ಡ್ರೈವರ್ ಪುತ್ತಬ್ಬ, ಪಾಪ, ಸಮಾಧಾನಕ್ಕೆ ಅಂತ ಹಾಗೆ ಹೇಳಿದ. ಅವ್ರು ಕೊಟ್ಟ ತುತ್ತನ್ನು ಬಾಯಿಗಿಟ್ಟು ಉಗುಳಿಬಿಟ್ಟ. ಅಷ್ಟಕ್ಕೇ ರೂಮಿನವರೆಲ್ಲ ಸುಮಾರು ದಿನ ಅವನನ್ನು ಪೃಥ್ವಿ ಅಂತ್ಲೇ ಕರೆದ್ರು ಮಾರಾಯ್ರೆ. ನುಂಗಿದ್ರೆ ಎಂತ ಆಗ್ತಿತ್ತೋ.”

“ಪೃಥ್ವಿ ಯಾರು?”

ಬರ್ನಾರ್ಡ್ ಕನ್ನಡಿಯಲ್ಲಿ ಅವನ ಮುಖವನ್ನೇ ನೋಡಿದ. “ನಿಮ್ಗೆ ನೆನಪಿಲ್ವಾ ಸಾರ್?”

ನೆನಪಿರಲಿಲ್ಲ. ಪೃಥ್ವಿ ಅವನದೇ ಕ್ಷೇತ್ರದ ಹುಡುಗ. ಸುಲೈಬಿಯಾದ ಈರುಳ್ಳಿ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವನು, ಶೀತಗೃಹದ ಬಾಗಿಲು ತಾನಾಗಿ ಮುಚ್ಚಿಕೊಂಡು ಒಳಗೇ ಹೆಪ್ಪುಗಟ್ಟಿ ಸತ್ತ. ಗೋದಾಮಿನ ಕಫೀಲ್, ಅಂದರೆ ವೀಸಾ ಕೊಟ್ಟು ಕರೆಸಿಕೊಂಡಿದ್ದ ಮಾಲೀಕ, ಪರಾರಿಯಾದ. ಹೆಣವನ್ನು ಊರಿಗೆ ಕಳಿಸುವವರು ಇಲ್ಲವಾಯಿತು. ಇಲ್ಲಿ ಚಿತೆ ಇಲ್ಲ, ಹೂಳಬೇಕು. ಜಹ್ರಾದಲ್ಲಿ ಅರಬ್ಬರ ಮನೆಯೊಂದರಲ್ಲಿ ಅಡುಗೆಗಿದ್ದ ಅವನ ತಾಯಿ ಸರೋಜಮ್ಮ ಹೂಳಲು ಬಿಡಲಿಲ್ಲ, ಮಗನಿಗೆ ಬೆಂಕಿಯೇ ಆಗಬೇಕೆಂದು ಹಟ ಹಿಡಿದಳು. ಅದು ಚುನಾವಣೆಯ ಸಮಯ. ಧನಂಜಯ್ ವಿಡಿಯೋ ಕರೆಯಲ್ಲಿ ಅವಳ ಜೊತೆ ಕಣ್ಣೀರು ಹಾಕಿ, “ನಾನು ನಿಮ್ಮ ಮನೆ ಮಗ, ಪೃಥ್ವಿಯನ್ನ ನಾನೇ ತರಿಸ್ತೀನಿ” ಎಂದಿದ್ದ. ಊರೆಲ್ಲ ಆ ವಿಡಿಯೋ ನೋಡಿ ವೋಟು ಹಾಕಿತ್ತು. ಹೆಣ ಮಾತ್ರ ಇನ್ನೂ ಶವಾಗಾರದಲ್ಲೇ ಇತ್ತು.

ಅವನಿಗೆ ನೆನಪಿರದಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಗ್ರಾಮ ಪಂಚಾಯಿತಿಯಿಂದ ವಿಧಾನಸೌಧದ ತನಕ ಅವನನ್ನು ಹೊತ್ತು ತಂದದ್ದು ಅದೊಂದೇ ಮಾತು. ನಾನು ನಿಮ್ಮ ಮನೆ ಮಗ. ಸಂತೆಯಲ್ಲಿ, ಸಾವಿನ ಮನೆಯಲ್ಲಿ, ಮದುವೆ ಮಂಟಪದಲ್ಲಿ ಹೇಳಿ ಹೇಳಿ ನಾಲಿಗೆಗೆ ಅದು ಸಲೀಸಾಗಿತ್ತು. ಸಾವಿರ ಮನೆಗಳ ಮಗನಾದವನು ಹೆತ್ತ ತಾಯಿಯನ್ನು ನೋಡಲು ಹೋಗುತ್ತಿದ್ದದ್ದು ನಾಮಪತ್ರ ಹಾಕುವ ದಿನ ಮಾತ್ರ, ಅದೂ ಕ್ಯಾಮೆರಾ ಜೊತೆಗೆ. ಈಗ ಮುಖ್ಯಮಂತ್ರಿ ಕುರ್ಚಿ ಖಾಲಿಯಾಗಿತ್ತು. ನಾಡಿದ್ದು ಶಾಸಕಾಂಗ ಪಕ್ಷದ ಸಭೆ. ಕಣದಲ್ಲಿ ಉಳಿದವರು ಇಬ್ಬರೇ, ಅವರಲ್ಲಿ ಇವನೊಬ್ಬ. ಕಡಲಾಚೆಯ ಕನ್ನಡಿಗರೂ ತನ್ನ ಜೊತೆಗಿದ್ದಾರೆಂದು ಹೈಕಮಾಂಡಿಗೆ ತೋರಿಸಿ, ರಾತ್ರಿಯ ವಿಮಾನಕ್ಕೆ ವಾಪಸಾಗುವುದು ಅವನ ಲೆಕ್ಕಾಚಾರ.

ಸಭಾಂಗಣ ತುಂಬಿತ್ತು. ಊದುಬತ್ತಿಯ ಹೊಗೆ, ಮಲ್ಲಿಗೆ, ಬಿರಿಯಾನಿಯ ಘಮ. ಹಾರ ಬಿತ್ತು, ಪೇಟ ಬಂತು. ನಿರೂಪಣೆಗೆ ನಿಂತಿದ್ದ ಬೃಂದಾ ಅವನನ್ನು ‘ಭಾವಿ ಮುಖ್ಯಮಂತ್ರಿಗಳು’ ಎಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಆಗ ಸಾಲುಗಳ ನಡುವಿನಿಂದ ಮಾಸಿದ ಸೀರೆಯ ಹೆಂಗಸೊಬ್ಬಳು ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಂದಳು. ಯಾರೂ ತಡೆಯಲಿಲ್ಲ, ಎಲ್ಲರೂ ದಾರಿ ಬಿಟ್ಟು ಸರಿದರು.

ವೇದಿಕೆಯ ಕೆಳಗೆ ಬರ್ನಾರ್ಡ್ ಕೈಯಲ್ಲಾಡಿಸಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದ. ಧನಂಜಯನಿಗೆ ಕಂಡದ್ದು ಅವನ ಪಕ್ಕದ ಕ್ಯಾಮೆರಾ. ಎಂಥ ಚಿತ್ರ! ನಾಳೆ ಎಲ್ಲ ಚಾನೆಲ್ಲುಗಳಲ್ಲೂ ಇದೇ.

“ಯಾರಪ್ಪ ನೀನು?” ಸರೋಜಮ್ಮ ಮೆಲ್ಲಗೆ ಕೇಳಿದಳು.

ಧನಂಜಯ್ ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡ. “ನಾನು ನಿಮ್ಮ ಮಗ ಕಣಮ್ಮ.”

“ಹಂಗಾದ್ರೆ ಉಣ್ಣು ಮಗ.”

ಅವಳ ಕೈತುತ್ತು ಬಾಯೊಳಗೆ ಹೋಯಿತು. ಅನ್ನ ಮಂಜಿನಷ್ಟು ತಣ್ಣಗಿತ್ತು. ಹಲ್ಲಿಗೆ ಕರಿ ಎಳ್ಳು ಸಿಕ್ಕಿತು. ಎಳ್ಳು ಕಲೆಸಿದ ಅನ್ನವನ್ನು ಯಾರಿಗೆ ಇಡುತ್ತಾರೆಂದು ಅವನಿಗೆ ಗೊತ್ತಿಲ್ಲದಿರಲಿಲ್ಲ. ಉಗುಳಬೇಕೆನ್ನಿಸಿತು, ಆದರೆ ಕ್ಯಾಮೆರಾ ನೋಡುತ್ತಿತ್ತು. ನಗುನಗುತ್ತಲೇ ನುಂಗಿದ.

ಎದೆಯೊಳಗೆ ಚಳಿ ಇಳಿಯಿತು. ಕೈಬಾಯಿ ತೊಳೆದು ಬರುತ್ತೇನೆಂದು ವೇದಿಕೆಯ ಹಿಂದಿನ ಬಚ್ಚಲಿಗೆ ಹೋದ. ನಲ್ಲಿಯ ನೀರು ಬಿಸಿಯಾಗಿತ್ತು, ಬೆರಳುಗಳಿಗೆ ಮಾತ್ರ ಸ್ಪರ್ಶವೇ ಇರಲಿಲ್ಲ. ಅಂಗೈಯಿಂದ ಈರುಳ್ಳಿಯ ನಾತ. ಎಷ್ಟು ಸಾಬೂನು ಹಚ್ಚಿದರೂ ಹೋಗಲಿಲ್ಲ. ಕನ್ನಡಿಯಲ್ಲಿ ಕಂಡದ್ದು ಅವನದೇ ಮುಖ, ಆದರೆ ಬಿಟ್ಟ ಉಸಿರು ಹೊಗೆಯಾಗಿ ಗಾಜನ್ನು ಮುಚ್ಚಿತು. ತಲೆ ತಗ್ಗಿಸಿ ನೋಡಿಕೊಂಡ. ಬಿಳಿ ಜುಬ್ಬಾ ಇರಲಿಲ್ಲ. ಮೈಮೇಲೆ ಗೋದಾಮಿನ ಕೂಲಿಗಳು ತೊಡುವ ದಪ್ಪ ನೀಲಿ ಕೋಟು.

ಹೊರಗೆ ಚೀರಾಟ ಕೇಳಿತು. ಓಡಿದ.

ವೇದಿಕೆಯ ಮೇಲೆ ಜನ ಗುಂಪುಗೂಡಿದ್ದರು. “ಸಾರ್, ಸಾರ್, ಕಣ್ಣು ಬಿಡಿ ಸಾರ್” ಎಂದು ಬರ್ನಾರ್ಡ್ ಮಂಡಿಯೂರಿ ಅಳುತ್ತಿದ್ದ. ಧನಂಜಯ್ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದ. ನೆಲದ ಮೇಲೆ ಅವನ ಜುಬ್ಬಾ. ಅವನ ಹಾರ. ಅವನ ಪೇಟ. ಅವುಗಳೊಳಗೆ ಮಲಗಿದ್ದವನು ಮೀಸೆ ಚಿಗುರಿದ ಎಳೆಯ ಹುಡುಗ. ತುಟಿ ನೀಲಿ. ರೆಪ್ಪೆಗಳ ಮೇಲೆ ಮಂಜಿನ ಹರಳು.

“ಇವನು ನಾನಲ್ಲ! ಬರ್ನಾರ್ಡ್, ನಾನಿಲ್ಲಿದ್ದೀನಿ ನೋಡ್ರೀ!”

ಬರ್ನಾರ್ಡ್ ತಲೆಯೆತ್ತಿ ಅವನನ್ನು ನೋಡಿದ. ನೋಡಿದವನ ಮುಖ ಬಿಳಿಚಿಕೊಂಡಿತು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹಿಂದೆ ಸರಿದ. “ಪೃಥ್ವಿ…” ಎಂದ.

ಯಾರೋ ಅವನ ಕತ್ತಿನ ಪಟ್ಟಿ ಹಿಡಿದು ಹೊರಗೆ ದಬ್ಬಿದರು. ಬಾಗಿಲು ಮುಚ್ಚಿತು. ಹೊರಗೆ ಹಗಲೇ ಕತ್ತಲು. ಮರಳಿನ ಗಾಳಿ ಕೂಗುತ್ತಿತ್ತು. ಕಣ್ಣಲ್ಲಿ ಮರಳು. ಬಾಯಲ್ಲಿ ಮರಳು. ಕೂಗಿದ. ಕೂಗು ಗಾಳಿಯಲ್ಲೇ ಕರಗಿತು. ಜೇಬು ತಡಕಿದ. ಫೋನಿಲ್ಲ. ಯಾರದಾದರೂ ಫೋನು ಬೇಡಿ ಕರೆ ಮಾಡಲೆ? ಯಾರಿಗೆ? ತಾಯಿಯ ನಂಬರೂ ಅವನಿಗೆ ಗೊತ್ತಿರಲಿಲ್ಲ. ಯಾವಾಗಲೂ ಪಿಎ ಹಚ್ಚಿಕೊಡುತ್ತಿದ್ದ. ಅವನು ರಸ್ತೆ ಬದಿಯಲ್ಲಿ ಕುಸಿದು ಕುಳಿತ. ಇಷ್ಟು ಒಂಟಿಯಾಗಿ ಅವನು ಹುಟ್ಟಿದಾಗಿನಿಂದ ಕುಳಿತಿರಲಿಲ್ಲ.

ಪಿಕಪ್ ಗಾಡಿಯೊಂದು ನಿಂತಿತು. “ಅರೆ ಪೃಥ್ವಿ ಭಾಯಿ! ಇಲ್ಲೇನು ಮಾಡ್ತೀ? ಚಲೋ, ಯಲ್ಲಾ, ಲೋಡ್ ಬಂದಿದೆ.” ಹಿಂದೆ ಪೃಥ್ವಿಯ ಜೊತೆ ಮೂಟೆ ಹೊರುತ್ತಿದ್ದ ಸಾಬಿತ್ ಬಾಗಿಲು ತೆರೆದು ಹಿಡಿದ. ಸತ್ತವನನ್ನು ಕಂಡ ಬೆರಗು ಅವನ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ. ಪೃಥ್ವಿ ಸತ್ತೇ ಇಲ್ಲವೇನೋ ಎಂಬಂತಿತ್ತು ಅವನ ನಗು.

ಸುಲೈಬಿಯಾದ ಕೋಣೆಯಲ್ಲಿ ಎಲ್ಲರೂ ಹಾಗೆಯೇ ನಕ್ಕರು, ಹಾಗೆಯೇ ಹೆಸರು ಹಿಡಿದು ಕರೆದರು. ತಾನು ಶಾಸಕನೆಂದು ಹೇಳಿದಾಗ ಇನ್ನೂ ಜೋರಾಗಿ ನಕ್ಕರು. ನಾಡಿದ್ದು ಬಂತು. ಸಭೆ ಮುಂದಕ್ಕೆ ಹೋಗಿತ್ತು, ಶೋಕದ ಕಾರಣಕ್ಕೆ. ಅಂದು ಜೊತೆಗಾರರೆಲ್ಲ ಕೆಲಸಕ್ಕೆ ಹೋದಾಗ ಸರೋಜಮ್ಮ ಬಂದಳು. ಕೈಯಲ್ಲಿ ಒಂದು ಚೀಲ, ಒಂದು ಫೋನು.

ಅವನು ಅವಳ ಕಾಲು ಹಿಡಿದುಕೊಂಡ. “ಬಿಟ್ಬಿಡಮ್ಮ. ತಪ್ಪಾಯ್ತು. ನಾನು ಧನಂಜಯ್.”

“ನಂಗೊತ್ತು ಕಣಪ್ಪ. ಹೆತ್ತೋಳಿಗೆ ಮಗ ಯಾರು, ಅಲ್ದೋನು ಯಾರು ಅಂತ ಗೊತ್ತಾಗಕ್ಕಿಲ್ವಾ?”

“ಮತ್ಯಾಕಮ್ಮ ಹಿಂಗೆ?”

“ನನ್ ಮಗನ್ ಹೆಸ್ರಿಗೆ ಬರ್ದೇ ಇದ್ದ ವಿಮಾನ, ನಿನ್ ಹೆಸ್ರಿಗೆ ಒಂದೇ ದಿನಕ್ಕೆ ಬಂತು ನೋಡು.” ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ಅವನ ಪಕ್ಕ ಕುಳಿತು ಫೋನು ತೆರೆದಳು.

ತೆರೆಯಲ್ಲಿ ಅಂತ್ಯಕ್ರಿಯೆಯ ನೇರ ಪ್ರಸಾರ, ಜನಸಾಗರ. ಅಷ್ಟು ಜನ ಅವನ ಯಾವ ಸಭೆಗೂ ಸೇರಿರಲಿಲ್ಲ. ಪೆಟ್ಟಿಗೆಯ ಮೇಲೆ ಪಕ್ಷದ ಬಾವುಟ. ಕುರ್ಚಿಗಾಗಿ ಅವನೊಂದಿಗೆ ಜಿದ್ದಿಗೆ ಬಿದ್ದವನೇ ಹೆಗಲು ಕೊಟ್ಟು ಬಿಕ್ಕುತ್ತಿದ್ದ. ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿದರು. ಗಂಧದ ಕೊರಡಿನ ಚಿತೆಯ ಮೇಲೆ ಈರುಳ್ಳಿ ಮೂಟೆ ಹೊರುತ್ತಿದ್ದ ಹುಡುಗ ಮಲಗಿದ್ದ. ಸರೋಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅದು ಸಂತೋಷವೋ ದುಃಖವೋ, ಅವಳಿಗೇ ತಿಳಿದಿರಲಿಕ್ಕಿಲ್ಲ.

ಬಾಯಿಗೆ ಅಕ್ಕಿ ಹಾಕಲು ಧನಂಜಯನ ತಾಯಿಯನ್ನು ಹಿಡಿದು ತಂದರು. ಮುದುಕಿ ಬಗ್ಗಿದಳು. ಹೆಣದ ಕೆನ್ನೆ ಸವರಿದಳು. ತಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

“ಇವ್ನು ನನ್ ಮಗ ಅಲ್ಲ.”

ಯಾರೋ ಅವಳ ಭುಜ ಹಿಡಿದರು. “ಅಲ್ಲ ಕಣ್ರಪ್ಪೋ! ಇದ್ಯಾವ್ದೋ ಪಾಪದ್ ಕೂಸು! ನನ್ ಧನು ಎಲ್ಲಿ? ಧನೂ, ಎಲ್ಲಿದ್ದೀಯೋ?”

“ಅಮ್ಮಾ, ಇಲ್ಲಿದ್ದೀನಿ! ಅಮ್ಮಾ!” ಅವನು ಪರದೆಗೆ ಮುಖ ಒತ್ತಿ ಕಿರುಚಿದ. ಪುತ್ರಶೋಕದಿಂದ ತಾಯಿಗೆ ಬುದ್ಧಿಯ ಸ್ಥಿಮಿತ ತಪ್ಪಿದೆಯೆಂದು ವರದಿಗಾರ ವಿವರಿಸುತ್ತಿದ್ದ. ನಾಲ್ಕು ಜನ ಅವಳನ್ನು ಎತ್ತಿಕೊಂಡು ಹೋದರು. ಧನಂಜಯಣ್ಣನಿಗೆ ಜಯವಾಗಲಿ ಎಂದು ಲಕ್ಷ ಕಂಠಗಳು ಕೂಗಿದವು. ಆ ಕೂಗಿನಲ್ಲಿ ಮುದುಕಿಯ ದನಿ ಮುಳುಗಿಹೋಯಿತು. ಚಿತೆಗೆ ಬೆಂಕಿ ಇಟ್ಟರು.

ಚಿತೆ ಪೂರ್ತಿ ಉರಿಯುವ ತನಕ ಸರೋಜಮ್ಮ ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು, ಫೋನನ್ನು ಚೀಲಕ್ಕೆ ಹಾಕಿ, ಊರಿಗೆ ಹೊರಟಿದ್ದೀನಿ, ವಿಮಾನಕ್ಕೆ ಹೊತ್ತಾಯ್ತು ಎಂದು ಎದ್ದಳು.

“ಹೋಗ್ಬೇಡಮ್ಮ,” ಅವನು ಸೆರಗು ಹಿಡಿದುಕೊಂಡ. “ನಾನು ಯಾರು ಅಂತ ಗೊತ್ತಿರೋದು ನಿಂಗೊಬ್ಳಿಗೇ.”

ಅವಳು ಅವನ ಬೆರಳುಗಳನ್ನು ಒಂದೊಂದಾಗಿ, ನೋಯದ ಹಾಗೆ ಬಿಡಿಸಿದಳು. “ನಿಮ್ಮವ್ವನ ಮನೆಗೆ ಹೋಯ್ತೀನಿ. ಅವಳ ಮಾತ್ ನಂಬೋರು ಒಬ್ರಾದ್ರೂ ಬೇಕಲ್ಲ” ಎಂದು ಹೇಳಿ, ಚೀಲವೆತ್ತಿಕೊಂಡು ಗೋದಾಮುಗಳ ನಡುವಿನ ಬಿಸಿಲಿನಲ್ಲಿ ನಡೆದುಹೋದಳು.